ಕಂಪ್ಯೂಟರ್ ಸೈನ್ಸ್ ಒಂದೇ ದಾರಿಯೇ?

ಪಿಯುಸಿ ಮುಗಿಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತಾ? ಸಿಗದಿದ್ದರೆ ಗಲ್ಫ್‌ನಲ್ಲಿ ದುಡಿದ ತಂದೆಯ ಉಳಿತಾಯ ಮ್ಯಾನೇಜ್‌ಮೆಂಟ್ ಕೋಟಾಕ್ಕೆ. ಮಗಳು ಕೆಟ್ಟ ಮಿಕ್ಸಿ ಬಿಚ್ಚಿ ಸರಿ ಮಾಡಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅಂಥ ಮಕ್ಕಳಿಗೆ ಎಂಜಿನಿಯರಿಂಗ್ ಡಿಸೈನ್ ಎಂಬ ಓದು ಇದೆ. ಯಂತ್ರ, ಎಲೆಕ್ಟ್ರಾನಿಕ್ಸ್ ಎರಡನ್ನೂ ಕಲಿತು, ಬಳಸುವವರ ಕೈಗೆ ಒಗ್ಗುವ ವಸ್ತು ರೂಪಿಸಿ, ಮಾದರಿ ಮಾಡಿ ಪರೀಕ್ಷಿಸುವುದು ಇದರ ತಿರುಳು. ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತವರ ಮಕ್ಕಳಿಗೆ ಇದರ ಉಪಯೋಗ ಬೇರೆಯವರು ಹೇಳಿಕೊಡಬೇಕಿಲ್ಲ. ಮದ್ರಾಸ್ ಐಐಟಿಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. 2013ರಲ್ಲಿ ಏಥರ್ ಎಲೆಕ್ಟ್ರಿಕ್ ಸ್ಕೂಟರ್ ಕಂಪೆನಿ ಕಟ್ಟಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಅಲ್ಲಿಯೇ ಕಲಿತವರು.

ಗೊಂದಲ ಬೇಡ. ಅಲ್ಲಿಗೆ ಜೆಇಇ ಅಡ್ವಾನ್ಸ್‌ಡ್ ಬೇಕು. ಗಣಿತದಿಂದ ತಪ್ಪಿಸಿಕೊಳ್ಳುವ ದಾರಿ ಇದಲ್ಲ. ಬಿ.ಡಿಸೈನ್ ಬೇರೆಯೇ ಪದವಿ. ಐಐಟಿಗಳಲ್ಲಿ ಅದಕ್ಕೆ ಯುಸೀಡ್ ಪರೀಕ್ಷೆ, ನಡೆಸುವುದು ಬಾಂಬೆ ಐಐಟಿ. ಕಲೆ, ವಾಣಿಜ್ಯ ಓದಿದವರೂ ಬರೆಯಬಹುದು, ಚಿತ್ರ ಬಿಡಿಸುವ ಭಾಗವೂ ಉಂಟು. ಸಾಮಾನ್ಯವಾಗಿ ಜನವರಿಯಲ್ಲೇ ನಡೆಯುವ ಪರೀಕ್ಷೆ ಇದು. ಸಿಇಟಿ ರಿಸಲ್ಟ್ ಬಂದ ಮೇಲೆ ವಿಚಾರಿಸಲು ಹೊರಟರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಇನ್ನು ಖಾಸಗಿ ಕಾಲೇಜು. ಕೋರ್ಸಿನ ಹೆಸರು ನೋಡಿ ಫೀಸು ಕಟ್ಟಬೇಡಿ. ವರ್ಕ್‌ಶಾಪ್ ತೋರಿಸಿ ಅನ್ನಿ. ಮೂರನೇ ವರ್ಷದ ಮಕ್ಕಳು ಕೈಯಾರೆ ಮಾಡಿದ್ದೇನು ಅಂತ ಅವರನ್ನೇ ಕೇಳಿ. ಬರೀ ಕಂಪ್ಯೂಟರ್ ಲ್ಯಾಬ್ ತೋರಿಸಿದರೆ, ಚಾ ಕುಡಿದು ಎದ್ದು ಬನ್ನಿ.