ಸಾಬೂನಿಲ್ಲದೆ ಕೊಳೆ ಹೋದೀತೆ?

ಸೇಬಿನ ಗಾತ್ರದ ಒಂದು ಪ್ಲಾಸ್ಟಿಕ್ ಚೆಂಡು. ಅದರೊಳಗೆ ನೀಲಿ ಬಣ್ಣದ ದ್ರವವೋ, ಪುಟ್ಟ ಪಿಂಗಾಣಿ ಗುಂಡುಗಳೋ, ಒಂದೆರಡು ಅಯಸ್ಕಾಂತದ ತುಂಡುಗಳೋ ಇರುತ್ತವೆ. ಬಟ್ಟೆಯ ಜೊತೆಗೆ ಇದನ್ನು ವಾಷಿಂಗ್ ಮೆಷೀನಿಗೆ ಹಾಕಿದರೆ ಸಾಕು. ಸಾಬೂನು ಬೇಡ, ಪುಡಿ ಬೇಡ, ವರ್ಷಗಟ್ಟಲೆ ಖರ್ಚಿಲ್ಲ, ಕೆರೆ ಕುಂಟೆಗಳಿಗೂ ಹಾನಿಯಿಲ್ಲ ಎಂದು ಜಾಹೀರಾತು ಹೇಳುತ್ತದೆ. ಕೊಂಡವರಲ್ಲಿ ಹಲವರು ‘ಹೌದು, ಬಟ್ಟೆ ಶುಭ್ರವಾಗುತ್ತದೆ’ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಬಟ್ಟೆಯನ್ನು ಶುಭ್ರ ಮಾಡಿದ್ದು ಚೆಂಡೇ ಎಂಬುದಕ್ಕೆ ಅವರ ಬಳಿ ಸಾಕ್ಷ್ಯವಿಲ್ಲ.

ಈ ಚೆಂಡುಗಳ ಭರಾಟೆ ಜೋರಾಗಿ ನಡೆದದ್ದು ಅಮೆರಿಕದಲ್ಲಿ, 1990ರ ದಶಕದಲ್ಲಿ. ಚೆಂಡಿನೊಳಗೆ ‘ವಿಶೇಷ ರಚನೆಯ ನೀರು’ ಇದೆ, ಅದು ಪ್ಲಾಸ್ಟಿಕ್ಕಿನ ಗೋಡೆಯ ಮೂಲಕ ಋಣ ವಿದ್ಯುದಂಶವನ್ನು ಹೊರಸೂಸುತ್ತದೆ, ಅದರಿಂದ ಒಗೆಯುವ ನೀರಿನ ಅಣುಗಳ ಗೊಂಚಲುಗಳು ಒಡೆದು ಬಿಡಿ ಅಣುಗಳು ನೂಲಿನ ಆಳಕ್ಕೆ ನುಗ್ಗಿ ಕೊಳೆಯನ್ನು ಹೊರದೂಡುತ್ತವೆ ಎಂಬುದು ಅಂಥದೊಂದು ಚೆಂಡಿನ ಮಾರಾಟಗಾರರ ವಿವರಣೆಯಾಗಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಹಲವು ರಾಜ್ಯ ಸರ್ಕಾರಗಳು ಇದಕ್ಕೆ ಆಧಾರ ಕೇಳಿದವು. 1999ರಲ್ಲಿ ಕಂಪನಿ ಹಣ ತೆತ್ತು, ಆಧಾರವಿಲ್ಲದ ಇಂಥ ಹೇಳಿಕೆಗಳನ್ನು ನಿಲ್ಲಿಸಲು ಒಪ್ಪಬೇಕಾಯಿತು. ಆದರೆ ಚೆಂಡು ಮಾತ್ರ ಸಾಯಲಿಲ್ಲ. ಹೆಸರು ಬದಲಿಸಿಕೊಂಡು ಯುರೋಪಿಗೆ ಹೋಯಿತು, ಈಗ ಆನ್‌ಲೈನ್ ಅಂಗಡಿಗಳ ಮೂಲಕ ಎಲ್ಲ ಊರುಗಳಿಗೂ ಬರುತ್ತಿದೆ.

ಕೊಳೆಯಲ್ಲಿ ಎಷ್ಟು ಬಗೆ?

ಚೆಂಡಿನ ಮಾತನ್ನು ತೂಗಿ ನೋಡಬೇಕಾದರೆ ಮೊದಲು ಕೊಳೆ ಎಂದರೇನೆಂದು ತಿಳಿಯಬೇಕು. ಬೆವರಿನ ಉಪ್ಪು, ಸಕ್ಕರೆ, ಹಣ್ಣಿನ ಹುಳಿ ಇವೆಲ್ಲ ನೀರಿನಲ್ಲಿ ಕರಗುವಂಥವು. ಇವಕ್ಕೆ ನೀರೇ ಸಾಕು. ಒಣಗಿದ ಧೂಳು ಕರಗುವುದಿಲ್ಲ, ಆದರೆ ಕುಲುಕಿದರೆ ಬಹುಪಾಲು ಉದುರುತ್ತದೆ. ರಕ್ತ, ಹಾಲು, ಮೊಟ್ಟೆಯಂಥ ಸಸಾರಜನಕದ ಕಲೆಗಳು ಹಸಿಯಾಗಿದ್ದಾಗ ತಣ್ಣೀರಿಗೆ ಬಿಡುತ್ತವೆ. ಒಣಗಿದರೆ ಅಥವಾ ಬಿಸಿನೀರು ತಗಲಿದರೆ ನೂಲಿಗೆ ಕಚ್ಚಿಕೊಳ್ಳುತ್ತವೆ. ಕೊನೆಯದು, ಎಲ್ಲಕ್ಕಿಂತ ಹಟಮಾರಿಯಾದದ್ದು, ಜಿಡ್ಡು. ಅಡುಗೆಯ ಎಣ್ಣೆಯಷ್ಟೇ ಅಲ್ಲ, ಮನುಷ್ಯನ ಚರ್ಮವೇ ದಿನವಿಡೀ ಸ್ರವಿಸುವ ಎಣ್ಣೆಯೂ ಇದೇ. ಅಂಗಿಯ ಕಾಲರು, ಕಂಕುಳು, ದಿಂಬಿನ ಚೀಲ ಇವು ಅದರ ಮನೆಗಳು. ಈ ಜಿಡ್ಡು ಗೋಂದಿನಂತೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ನೀರಿಗೂ ಎಣ್ಣೆಗೂ ಆಗದು ಎಂಬುದು ಅಡುಗೆಮನೆಯಲ್ಲಿ ಎಲ್ಲರೂ ಕಂಡ ಸಂಗತಿ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಆದ್ದರಿಂದಲೇ ನೀರಿನ ಮೇಲ್ಮೈ ಎಳೆದು ಕಟ್ಟಿದ ಚರ್ಮದಂತೆ ವರ್ತಿಸುತ್ತದೆ. ಜೋಪಾನವಾಗಿ ಇಟ್ಟರೆ ಸೂಜಿ ಕೂಡ ತೇಲುತ್ತದೆ. ಈ ಎಳೆತಕ್ಕೆ ಮೇಲ್ಮೈ ಒತ್ತಡ ಎಂದು ಹೆಸರು. ಸಾಧಾರಣ ಉಷ್ಣತೆಯಲ್ಲಿ ಶುದ್ಧ ನೀರಿಗೆ ಇದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಾಬೂನು ಬೆರೆತರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಆಗ ನೀರು ನೂಲಿನ ಸಂದುಗೊಂದುಗಳಿಗೆಲ್ಲ ಸಲೀಸಾಗಿ ಇಳಿಯುತ್ತದೆ.

ಅಷ್ಟೇ ಅಲ್ಲ. ಸಾಬೂನಿನ ಅಣುವಿನ ಆಕಾರ ಗೊದಮೊಟ್ಟೆಯಂತೆ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳು ಜಿಡ್ಡಿನೊಳಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆಗೆ ಉಳಿಯುತ್ತವೆ. ಬಟ್ಟೆಯನ್ನು ಕುಕ್ಕಿದಾಗ ಅಥವಾ ತಿರುಗಿಸಿದಾಗ ಜಿಡ್ಡು ಹನಿಹನಿಯಾಗಿ ಕಿತ್ತುಬರುತ್ತದೆ. ಪ್ರತಿ ಹನಿಯ ಸುತ್ತಲೂ ತಲೆಗಳ ಬೇಲಿ ಇರುವುದರಿಂದ ಅದು ಮತ್ತೆ ಬಟ್ಟೆಗೆ ಅಂಟದೆ ನೀರಿನೊಡನೆ ಹೋಗುತ್ತದೆ. ಕೀಳುವುದು ಒಂದು ಕೆಲಸ, ಕಿತ್ತದ್ದು ಮರಳಿ ಅಂಟದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನ್ನೂ ಮಾಡುವ ವಸ್ತುವೊಂದು ನೀರಿನಲ್ಲಿ ಬೆರೆಯಲೇಬೇಕು.

ಚೆಂಡಿನ ವಾದ

ಬಿಗಿಯಾಗಿ ಮುಚ್ಚಿದ ಚೆಂಡಿನಿಂದ ಯಾವ ವಸ್ತುವೂ ಹೊರಗೆ ಬರುವುದಿಲ್ಲ. ಹಾಗಾದರೆ ‘ರಚನೆ’ ದಾಟಿ ಬರುತ್ತದೆಯೇ? ನೀರಿನ ಅಣುಗಳ ನಡುವಣ ಬಂಧಗಳು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಅಲ್ಪ ಕಾಲದಲ್ಲಿ ಕಳಚಿ ಮತ್ತೆ ಕೂಡುತ್ತಲೇ ಇರುತ್ತವೆ. ಸ್ಥಿರವಾದ ಗೊಂಚಲುಗಳೇ ಇಲ್ಲದ ಮೇಲೆ ಅವನ್ನು ಒಡೆಯುವ ಮಾತೆಲ್ಲಿ? ಅಯಸ್ಕಾಂತದ ಕಥೆಯೂ ಅಷ್ಟೆ. ನೀರನ್ನು ಅಯಸ್ಕಾಂತ ಅತಿ ಕ್ಷೀಣವಾಗಿ ವಿಕರ್ಷಿಸುತ್ತದೆ, ಎಣ್ಣೆಯನ್ನೂ ಹಾಗೆಯೇ. ಬಕೆಟ್ಟಿನಲ್ಲಿ ಉರುಳುವ ಪುಟ್ಟ ಅಯಸ್ಕಾಂತದಿಂದ ಇವೆರಡಕ್ಕೂ ಸ್ನೇಹ ಕುದುರುವುದಿಲ್ಲ.

ತೂತುಗಳಿರುವ ಇನ್ನೊಂದು ಬಗೆಯ ಚೆಂಡಿದೆ. ಅದರೊಳಗಿನ ಗುಳಿಗೆಗಳು ನಿಧಾನವಾಗಿ ಕರಗುತ್ತವೆ, ಕೆಲವು ತಿಂಗಳಿಗೊಮ್ಮೆ ಹೊಸದಾಗಿ ತುಂಬಬೇಕು. ಕರಗುತ್ತಿರುವುದು ಸೋಡಾ ಅಥವಾ ಅಲ್ಪಸ್ವಲ್ಪ ಮಾರ್ಜಕವೇ ಆಗಿದ್ದರೆ ಅದು ಸಾಬೂನಿಲ್ಲದ ಒಗೆತವಲ್ಲ, ಬೇರೆ ಡಬ್ಬಿಯಲ್ಲಿಟ್ಟ ಸಾಬೂನು. ಕೊಳ್ಳುವ ಮೊದಲು ‘ಮರುತುಂಬುವ ಗುಳಿಗೆ ಮಾರುತ್ತೀರಾ?’ ಎಂದು ಕೇಳಿದರೆ ಅರ್ಧ ಸತ್ಯ ಹೊರಬೀಳುತ್ತದೆ.

ಹಾಗಾದರೆ ಬಟ್ಟೆ ಶುಭ್ರವಾದಂತೆ ಕಾಣುವುದೇಕೆ? ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ನೀರು ಮತ್ತು ಕುಲುಕಾಟ. ದಿನಬಳಕೆಯ ಬಟ್ಟೆಯ ಬೆವರು, ಧೂಳು ಇವೆರಡರಿಂದಲೇ ಬಹಳಷ್ಟು ಹೋಗುತ್ತವೆ. ಎರಡನೆಯದು, ಹಳೆಯ ಸಾಲ. ಹಿಂದಿನ ಒಗೆತಗಳ ಪುಡಿ ನೂಲಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಚೆಂಡು ಹಾಕಿದ ಮೊದಲ ಕೆಲವು ಸಲ ನೊರೆ ಕಂಡರೆ ಅದು ಈ ಉಳಿಕೆಯದು. ಮೂರನೆಯದು, ಬಿಳುಪಿನ ಭ್ರಮೆ. ಒಗೆಯುವ ಪುಡಿಗಳಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊಮ್ಮಿಸುವ ರಾಸಾಯನಿಕಗಳಿರುತ್ತವೆ. ಅವು ಬಟ್ಟೆಗೆ ಅಂಟಿ ನಿಲ್ಲುವುದರಿಂದ, ಪುಡಿ ನಿಲ್ಲಿಸಿದ ಮೇಲೂ ಕೆಲಕಾಲ ಬಟ್ಟೆ ಬೆಳ್ಳಗೇ ಕಾಣುತ್ತದೆ. ಜಿಡ್ಡು ಮಾತ್ರ ಒಳಗೆ ಕೂಡುತ್ತಾ ಹೋಗಿ, ವಾರಗಳ ನಂತರ ಹಳದಿಯಾಗಿ, ಕಮಟು ವಾಸನೆಯಾಗಿ ಹೊರಬರುತ್ತದೆ. ಅಷ್ಟರಲ್ಲಿ ಚೆಂಡನ್ನು ಹಿಂತಿರುಗಿಸುವ ಅವಧಿ ಮುಗಿದಿರುತ್ತದೆ!

ಮೂರು ಚಿಂದಿಗಳ ಪ್ರಯೋಗ

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಬಿಳಿ ಹತ್ತಿ ಬಟ್ಟೆಯನ್ನು ಸಾಬೂನಿಲ್ಲದೆ ಬಿಸಿನೀರಿನಲ್ಲಿ ನೊರೆ ಬಾರದವರೆಗೆ ನಾಲ್ಕಾರು ಸಲ ಜಾಲಿಸಿ ಒಣಗಿಸಿ. ಅದರಿಂದ ಮೂರು ಸಮನಾದ ತುಂಡುಗಳನ್ನು ಕತ್ತರಿಸಿ. ಮೂರಕ್ಕೂ ಒಂದೇ ಅಳತೆಯ ಅಡುಗೆ ಎಣ್ಣೆಗೆ ಮಸಿ ಬೆರೆಸಿ ಹಚ್ಚಿ, ಪಕ್ಕದಲ್ಲಿ ಚಹಾ ಮತ್ತು ಕೆಂಪು ಮಣ್ಣಿನ ಕಲೆಗಳನ್ನು ಮಾಡಿ ಒಂದು ರಾತ್ರಿ ಬಿಡಿ. ಅರಿಸಿನ ಬೇಡ. ಅದರ ಬಣ್ಣ ಸಾಬೂನಿನ ಕ್ಷಾರಕ್ಕೆ ಕೆಂಪಾಗುತ್ತದೆ, ಬಿಸಿಲಿಗೆ ತಾನಾಗಿ ಮಾಸುತ್ತದೆ. ಅದನ್ನು ನಂಬಿದರೆ ಲೆಕ್ಕ ತಪ್ಪುತ್ತದೆ.

ಮೂರು ಬೇರೆ ಬೇರೆ ಸಲ, ಅಷ್ಟೇ ನೀರು, ಅಷ್ಟೇ ಹೊತ್ತು: ಒಂದನ್ನು ಬರಿ ನೀರಿನಲ್ಲಿ, ಒಂದನ್ನು ಚೆಂಡಿನ ಜೊತೆ, ಒಂದನ್ನು ಅಳತೆಯ ಪುಡಿಯಲ್ಲಿ ಒಗೆಯಿರಿ. ಪುಡಿಯ ಸರದಿ ಕೊನೆಗಿರಲಿ. ಗುರುತನ್ನು ಬಟ್ಟೆಯ ಹಿಂದೆ ದಾರದಿಂದ ಹಾಕಿ, ಯಾವುದು ಯಾವುದೆಂದು ತಿಳಿಯದ ಒಬ್ಬರಿಂದ ಅಂಕ ಹಾಕಿಸಿ. ಚೆಂಡಿನ ತುಂಡು ಪುಡಿಯ ತುಂಡಿಗೆ ಎಷ್ಟು ಹತ್ತಿರವಿದೆ ಎನ್ನುವುದಲ್ಲ ಪ್ರಶ್ನೆ. ಅದು ಬರಿ ನೀರಿನ ತುಂಡಿಗಿಂತ ಎಷ್ಟು ಮೇಲಿದೆ ಎನ್ನುವುದು. ಜಾಹೀರಾತುಗಳು ಬಚ್ಚಿಡುವುದು ಈ ಬರಿ ನೀರಿನ ತುಂಡನ್ನೇ.

ನಿಜವಾದ ಪ್ರಯತ್ನಗಳೂ ಇವೆ

ಸಾಬೂನನ್ನು ಕಡಿಮೆ ಮಾಡುವ ಎಲ್ಲ ಪ್ರಯತ್ನಗಳೂ ಮೋಸವಲ್ಲ. ಜಪಾನಿನ ಸ್ಯಾನ್ಯೋ ಕಂಪನಿ 2001ರಲ್ಲಿ ಶಬ್ದಾತೀತ ತರಂಗ ಮತ್ತು ವಿದ್ಯುದ್ವಿಭಜನೆಯನ್ನು ಬಳಸುವ ಒಗೆಯುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಮಾರ್ಜಕರಹಿತ ಒಗೆತ ಸ್ವಲ್ಪವಷ್ಟೇ ಕೊಳೆಯಾದ ಬಟ್ಟೆಗಳಿಗೆ ಮೀಸಲಾಗಿತ್ತು. ಶಬ್ದಾತೀತ ತರಂಗ ಕನ್ನಡಕ, ಶಸ್ತ್ರಕ್ರಿಯೆಯ ಉಪಕರಣಗಳನ್ನು ಚೆನ್ನಾಗಿ ತೊಳೆಯುತ್ತದೆ, ಏಕೆಂದರೆ ಅವು ಗಟ್ಟಿ. ಮೆತ್ತನೆಯ ಬಟ್ಟೆಯ ರಾಶಿ ಆ ಶಬ್ದವನ್ನೇ ನುಂಗುತ್ತದೆ. ಬಕೆಟ್ಟಿಗೆ ಇಳಿಬಿಡುವ, ಮೊಬೈಲ್ ಚಾರ್ಜರಿನಿಂದ ನಡೆಯುವ ಪುಟ್ಟ ಸಾಧನಗಳಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. ದೊಡ್ಡ ಆಸ್ಪತ್ರೆ, ಹೋಟೆಲುಗಳ ಒಗೆತದ ಮನೆಗಳಲ್ಲಿ ಓಜೋನ್ ಅನಿಲವನ್ನು ಬಳಸುವುದುಂಟು. ಅದು ರೋಗಾಣುಗಳನ್ನು, ವಾಸನೆಯನ್ನು ನಾಶಮಾಡಿ, ಬಿಸಿನೀರಿನ ಮತ್ತು ಪುಡಿಯ ಖರ್ಚನ್ನು ಇಳಿಸುತ್ತದೆ. ಪುಡಿಯನ್ನು ಪೂರ್ತಿ ತೊಡೆದುಹಾಕುವುದಿಲ್ಲ. ಕಿಣ್ವಗಳ ದಾರಿ ಇನ್ನೂ ಹಳೆಯದು. ಜರ್ಮನಿಯ ಒಟ್ಟೊ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಒಗೆತಕ್ಕೆ ಬಳಸುವ ಹಕ್ಕುಸ್ವಾಮ್ಯ ಪಡೆದಿದ್ದರು.

ಅಂಗಡಿಯ ಪುಡಿ ಬರುವ ಮೊದಲು ಕನ್ನಡ ನಾಡಿನ ಅಗಸರು ಬಟ್ಟೆ ಒಗೆಯುತ್ತಿರಲಿಲ್ಲವೇ? ಒಗೆಯುತ್ತಿದ್ದರು, ಆದರೆ ಬರಿ ನೀರಿನಲ್ಲಲ್ಲ. ಚೌಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇದೆ. ಅದರಲ್ಲಿ ಅದ್ದಿ ಉಬ್ಬೆಗೆ ಹಾಕಿದಾಗ ಕ್ಷಾರ ಮತ್ತು ಬಿಸಿ ಹಬೆ ಸೇರಿ ಜಿಡ್ಡಿನ ಒಂದು ಭಾಗವನ್ನು ಸಾಬೂನನ್ನಾಗಿಯೇ ಮಾರ್ಪಡಿಸುತ್ತಿದ್ದವು. ಉಳಿದ ಕೆಲಸ ಕಲ್ಲಿನದು. ರೇಷ್ಮೆಗೆ ಕ್ಷಾರ ಆಗದು. ಅದಕ್ಕೆ ಅಂಟುವಾಳದ ಕಾಯಿ ಇತ್ತು. ಅದರ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಕೂಡ ಎರಡು ಸ್ವಭಾವದ ಅಣುವೇ. ಶಕ್ತಿ ಕಡಿಮೆ, ಆದರೆ ಕೆಲಸ ನಿಜವಾದದ್ದು.

ಕೆರೆಯ ಲೆಕ್ಕ

ಚೆಂಡನ್ನು ಕೊಳ್ಳುವವರ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದದ್ದನ್ನೂ, ಆ ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡದ್ದನ್ನೂ ನಾಡು ಕಂಡಿದೆ. ಶುದ್ಧೀಕರಿಸದ ಚರಂಡಿ ನೀರಿನೊಡನೆ ಹರಿದುಬಂದ ಮಾರ್ಜಕಗಳು ಆ ನೊರೆಗೆ ಮುಖ್ಯ ಕಾರಣಗಳಲ್ಲಿ ಒಂದು. 1950ರ ದಶಕದಲ್ಲಿ ಯುರೋಪ್, ಅಮೆರಿಕಗಳ ನದಿಗಳೂ ಹೀಗೆಯೇ ನೊರೆಗಟ್ಟಿದ್ದವು. ಅಂದಿನ ಮಾರ್ಜಕದ ಅಣುವಿನ ಬಾಲ ಕವಲೊಡೆದಿದ್ದು, ಬ್ಯಾಕ್ಟೀರಿಯಗಳಿಗೆ ಅದನ್ನು ತಿಂದು ಮುಗಿಸಲು ಆಗುತ್ತಿರಲಿಲ್ಲ. 1960ರ ದಶಕದಲ್ಲಿ ಜರ್ಮನಿ ಕಾನೂನಿನಿಂದ, ಅಮೆರಿಕ ತಯಾರಕರ ಒಪ್ಪಿಗೆಯಿಂದ ನೇರ ಬಾಲದ ಅಣುಗಳಿಗೆ ಬದಲಾದವು. ಅಲ್ಲಿ ನೊರೆ ತಗ್ಗಿತು. ಆ ನೇರ ಬಾಲವನ್ನು ತಿನ್ನಲೂ ಬ್ಯಾಕ್ಟೀರಿಯಗಳಿಗೆ ಗಾಳಿ ಬೇಕು, ಸಮಯ ಬೇಕು. ಅದನ್ನು ಕೊಡುವುದೇ ಕೊಳಚೆ ಶುದ್ಧೀಕರಣ ಘಟಕದ ಕೆಲಸ. ಘಟಕವಿಲ್ಲದ ಊರಿನ ಕೆರೆಯನ್ನು ಯಾವ ಚೆಂಡೂ ಕಾಪಾಡದು.

ಮನೆಯಲ್ಲಿ ಮಾಡಬಹುದಾದದ್ದು ಅಳತೆ. ಹೆಚ್ಚು ಪುಡಿ ಎಂದರೆ ಹೆಚ್ಚು ಶುಭ್ರ ಎಂದಲ್ಲ. ಒಂದು ಮಿತಿಯಾದ ಮೇಲೆ ಮೇಲ್ಮೈ ಒತ್ತಡ ಇಳಿಯುವುದು ನಿಲ್ಲುತ್ತದೆ; ಮಿಕ್ಕ ಪುಡಿ ನೂಲಿನಲ್ಲಿ ಉಳಿಯುತ್ತದೆ, ಇಲ್ಲವೇ ಕೆರೆಗೆ ಹೋಗುತ್ತದೆ. ಮೆದು ನೀರಿರುವ ಕಡೆ ಪುಡಿ ಇನ್ನೂ ಕಡಿಮೆ ಸಾಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಗಸಿಯಾಗಿ ವ್ಯರ್ಥವಾಗುವುದರಿಂದ ಸ್ವಲ್ಪ ಒಗೆಯುವ ಸೋಡಾ ಬೆರೆಸಿದರೆ ಹತ್ತಿ ಬಟ್ಟೆಗೆ ಉಳಿತಾಯವಾಗುತ್ತದೆ. ಕಾಲರಿನ ಜಿಡ್ಡಿಗೆ ಮೊದಲೇ ಸಾಬೂನು ತಿಕ್ಕಿ, ಅರ್ಧ ಗಂಟೆ ನೆನೆಸಿ ಒಗೆದರೆ ಇಡೀ ಬಕೆಟ್ಟಿಗೆ ಪುಡಿ ಸುರಿಯಬೇಕಾಗಿಲ್ಲ. ಒಂದೇ ಹೊತ್ತು ಉಟ್ಟು, ಬೆವರಿನ ವಾಸನೆಯಷ್ಟೇ ಇರುವ ಬಟ್ಟೆಗೆ ಬರಿ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕುವುದೇ ಸಾಕು, ಚೆಂಡಿಲ್ಲದೆ.

ಈಗಾಗಲೇ ಚೆಂಡು ಕೊಂಡವರು ಅದನ್ನು ಎಸೆಯಬೇಕಾಗಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಮೂರು ಚಿಂದಿಗಳ ಪ್ರಯೋಗವನ್ನು ಒಮ್ಮೆ ಮಾಡಲಿ.