ಫರ್ಸಿ ನೆಲವೇ ಸಾಕು, ಎಚ್ಚರವೊಂದಿರಲಿ

ಮನೆಯಲ್ಲೇ ವ್ಯಾಯಾಮ ಮಾಡಬೇಕೆನ್ನುವ ಅನೇಕರು ಈಗ ಎರಡು ವಸ್ತುಗಳನ್ನು ಆನ್‌ಲೈನ್‌ನಲ್ಲಿ ಒಟ್ಟಿಗೇ ತರಿಸುತ್ತಾರೆ. ಒಂದು, ನೆಲಕ್ಕೆ ಹಾಸುವ ದಪ್ಪ ರಬ್ಬರ್ ಮ್ಯಾಟ್. ಇನ್ನೊಂದು, ಪಾದದಡಿ ಅಥವಾ ಅಂಗೈಯಡಿ ಇಟ್ಟು ಜಾರಿಸುವ ದುಂಡನೆಯ ಸ್ಲೈಡಿಂಗ್ ಡಿಸ್ಕ್. ಮ್ಯಾಟ್ ಇರುವುದು ಜಾರದಂತೆ ಹಿಡಿಯಲು, ಡಿಸ್ಕ್ ಇರುವುದು ಜಾರಲು. ಒಂದರ ಮೇಲೆ ಇನ್ನೊಂದನ್ನು ಇಟ್ಟರೆ ಡಿಸ್ಕ್ ನಡುವೆಯೇ ತಡೆದು ನಿಲ್ಲುತ್ತದೆ, ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ಕೊನೆಗೆ ಎರಡೂ ಮಂಚದ ಕೆಳಗೆ ಸೇರುತ್ತವೆ, ವ್ಯಾಯಾಮವೂ ನಿಲ್ಲುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ ಈ ವ್ಯಾಯಾಮಕ್ಕಾಗಿ ಎರಡನ್ನೂ ಕೊಳ್ಳಬೇಕಾಗಿಲ್ಲ. ಕಾಲಡಿಯ ಶಹಾಬಾದ್ ಫರ್ಸಿ ಮತ್ತು ಒಂದು ಹಳೆಯ ಹತ್ತಿ ಟವೆಲ್ ಸಾಕು.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಆಹಾರ, ನಿದ್ರೆಗಳ ಜೊತೆಯಲ್ಲೇ ದೇಹದ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲಿ ಸೇರಿದೆ. "ಮನೆಗೆಲಸವೇ ವ್ಯಾಯಾಮವಲ್ಲವೇ?" ಎಂದು ತಾಯಂದಿರು ಕೇಳುತ್ತಾರೆ. ಮನೆಗೆಲಸ ಚಲನೆ ಹೌದು. ಆದರೆ ಒಲೆಯ ಮುಂದೆ ತಾಸುಗಟ್ಟಲೆ ನಿಂತರೆ ಕಾಲು ದಣಿಯುತ್ತದೆಯೇ ಹೊರತು ತೊಡೆ ಗಟ್ಟಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಅದರ ಮೇಲೆ ವಾರಕ್ಕೆ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ನಮ್ಮಲ್ಲಿ ತಪ್ಪಿಹೋಗುವುದು ಈ ಎರಡನೆಯದೇ. ತೊಡೆಯ ಬಲ ಕುಂದಿದಂತೆ ನೆಲಕ್ಕೆ ಕೂರುವುದು, ಏಳುವುದು ಕಷ್ಟವಾಗುತ್ತದೆ. ಆಮೇಲೆ ನಮಾಝಿಗೂ ಕುರ್ಚಿ ಬೇಕಾಗುತ್ತದೆ.

ಜಾರಿಸುವ ವ್ಯಾಯಾಮದ ಗುಣವೆಂದರೆ ಅದರಲ್ಲಿ ನೆಗೆತವಿಲ್ಲ, ಕೀಲಿಗೆ ಧಡ್ ಎಂಬ ಪೆಟ್ಟಿಲ್ಲ. ಕಾಲು ಹಿಂದೆ ಹೋಗುವಾಗಲೂ ಮರಳಿ ಬರುವಾಗಲೂ ತೊಡೆ, ಸೊಂಟದ ಸ್ನಾಯುಗಳು ಅದನ್ನು ಹಿಡಿದು ನಡೆಸಬೇಕು. ಬೇಕಾಗುವ ಜಾಗವೂ ಒಂದು ಚಾಪೆಯಷ್ಟೇ.

ಡಿಸ್ಕ್ ಈಗಾಗಲೇ ಇದ್ದರೆ ಹೀಗೆ ಬಳಸಿ. ಸಾಮಾನ್ಯವಾಗಿ ಅದಕ್ಕೆ ಎರಡು ಮುಖ: ಗಟ್ಟಿ ಪ್ಲಾಸ್ಟಿಕ್‌ನದು ಕಾರ್ಪೆಟ್‌ಗೆ, ಬಟ್ಟೆಯದು ಕಲ್ಲು ಮತ್ತು ಟೈಲ್ಸ್ ನೆಲಕ್ಕೆ. ಫರ್ಸಿಯ ಮೇಲೆ ಬಟ್ಟೆಯ ಮುಖವೇ ಕೆಳಗಿರಲಿ. ರಬ್ಬರ್ ಮ್ಯಾಟ್ ಇದ್ದರೆ ಅದನ್ನೂ ಎಸೆಯಬೇಡಿ. ಊರಿ ನಿಲ್ಲುವ ಕಾಲು ಮ್ಯಾಟಿನ ಮೇಲಿರಲಿ, ಜಾರುವ ಕಾಲು ಫರ್ಸಿಯ ಮೇಲಿರಲಿ. ಆಗ ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತವೆ.

ಇನ್ನು ನೆಲದ ಮಾತು. ಕಲ್ಲಿನ ಗಣಿ, ಪಾಲಿಶ್ ಘಟಕ, ಸಿಮೆಂಟ್ ಕಾರ್ಖಾನೆಗಳಿರುವ ಸೀಮೆ ನಮ್ಮದು. ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಸಣ್ಣ ಧೂಳು ಕೂತಿರುತ್ತದೆ. ಆ ಧೂಳಿನಲ್ಲಿ ಊರಿದ ಪಾದ ಜಾರುತ್ತದೆ, ಹರಳು ಸಿಕ್ಕರೆ ಟವೆಲ್ ತಡೆಯುತ್ತದೆ, ಫರ್ಸಿಗೂ ಗೀರು ಬೀಳುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಶುರು ಮಾಡಿ. ಹಳೆಯ ಮನೆಗಳಲ್ಲಿ ಕಲ್ಲಿನ ಸಂದು ಎದ್ದಿರುತ್ತದೆ, ಒಂದೇ ಕಲ್ಲಿನೊಳಗೆ ಕಾಲು ಆಡುವಂತೆ ಜಾಗ ಆರಿಸಿ. ನೆಲ ಹೊಳೆಯಲೆಂದು ಆಸಿಡ್ ಹಾಕಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ.

ಆರಂಭಕ್ಕೆ ಎರಡೇ ವ್ಯಾಯಾಮ ಸಾಕು. ಮೊದಲನೆಯದು ಮಲಗಿ ಮಾಡುವುದು. ಅಂಗಾತ ಮಲಗಿ ಹಿಮ್ಮಡಿಯ ಕೆಳಗೆ ಮಡಿಚಿದ ಟವೆಲ್ ಇಟ್ಟು, ಮೊಣಕಾಲು ಮಡಚುತ್ತ ಹಿಮ್ಮಡಿಯನ್ನು ನಿಧಾನವಾಗಿ ನಿಮ್ಮತ್ತ ಎಳೆದುಕೊಳ್ಳಿ, ಹಾಗೆಯೇ ಚಾಚಿ. ಒಂದೊಂದು ಕಾಲಿಗೆ 10 ಸಲ. ಇದು ಸಲೀಸಾದ ಮೇಲೆ ಎರಡನೆಯದು. ಗೋಡೆ ಅಥವಾ ಕಿಟಕಿಯ ಸರಳು ಹಿಡಿದು ನಿಂತು, ಒಂದು ಪಾದದ ಮುಂಭಾಗವನ್ನು ಟವೆಲ್ ಮೇಲಿಟ್ಟು ಒಂದು ಗೇಣು ಹಿಂದಕ್ಕೆ ಜಾರಿಸಿ, ಮರಳಿ ತನ್ನಿ. ಒಂದೊಂದು ಕಾಲಿಗೆ 8 ಸಲ. ಊರಿದ ಕಾಲು ಬರಿಗಾಲೇ ಆಗಿರಲಿ, ಕಾಲುಚೀಲ ಬೇಡ. ಉದ್ದ ಲುಂಗಿ, ದುಪಟ್ಟಾ ಕಾಲಿಗೆ ಸಿಗದಂತೆ ಕಟ್ಟಿಕೊಳ್ಳಿ. ಉಸಿರು ಬಿಗಿಹಿಡಿಯಬೇಡಿ.

ನಮ್ಮಲ್ಲಿ ಮೊಣಕಾಲಿಗೆ ರೋಗನ್ ಹಚ್ಚುವ ರೂಢಿಯಿದೆ. ವ್ಯಾಯಾಮದ ಮುಂಚೆ, ನಂತರ ದಲ್ಕ್ ಅಂದರೆ ಮಾಲೀಶು ಮಾಡುವುದನ್ನು ಯುನಾನಿಯೂ ಒಪ್ಪುತ್ತದೆ. ಆದರೆ ಅಂಗಾಲಿನಲ್ಲಿ ಎಣ್ಣೆ ಉಳಿದಿದ್ದರೆ ಫರ್ಸಿಯ ಮೇಲೆ ನಿಲ್ಲುವುದೇ ಅಪಾಯ. ಎಣ್ಣೆಯ ಮಾಲೀಶು ವ್ಯಾಯಾಮ ಮುಗಿದ ಮೇಲಿರಲಿ.

ಎಲ್ಲರಿಗೂ ಇದು ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ತಲೆಸುತ್ತು ಬರುವವರು, ಮೂಳೆ ಸವೆದವರು, ಹಿಂದೆ ಬಿದ್ದು ಮೂಳೆ ಮುರಿದುಕೊಂಡವರು, ಗರ್ಭಿಣಿಯರು ನಿಂತು ಮಾಡುವ ಜಾರು ವ್ಯಾಯಾಮಕ್ಕೆ ಕೈಹಾಕಬೇಡಿ. ಮಲಗಿ ಮಾಡುವುದನ್ನೂ ವೈದ್ಯರನ್ನು ಕೇಳಿಯೇ ಮಾಡಿ. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ಸುಲಭವಲ್ಲ. ಅಂಗೈಯಡಿ ಡಿಸ್ಕ್ ಇಟ್ಟು ಬೋರಲಾಗಿ ಜಾರುವ ಕಸರತ್ತು ಬಲವಿರುವ ಹುಡುಗರಿಗೆ ಬಿಟ್ಟಿದ್ದು, ಬೆನ್ನುನೋವಿನವರಿಗಲ್ಲ.

ಎಷ್ಟು ಹೊತ್ತು ಮಾಡಬೇಕು? ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಕೊಟ್ಟ ಅಳತೆಗೆ ಗಡಿಯಾರ ಬೇಡ. ಮುಖ ಕಳೆಗಟ್ಟುತ್ತಿರುವವರೆಗೆ, ಅಂಗಗಳು ಹಗುರವಾಗಿ ಆಡುತ್ತಿರುವವರೆಗೆ ಮುಂದುವರಿಸಬೇಕು, ಅವು ಕುಂದತೊಡಗಿದಾಗ ನಿಲ್ಲಿಸಬೇಕು. ಬೇಸಿಗೆಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಆದ್ದರಿಂದ ಫಜ್ರ್ ನಂತರದ ತಂಪಿನ ಹೊತ್ತೇ ಒಳ್ಳೆಯದು. ಊಟವಾದ ಕೂಡಲೇ ಮಾಡಬೇಡಿ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

ಮ್ಯಾಟ್ ಬರಲಿ, ಡಿಸ್ಕ್ ಬರಲಿ ಎಂದು ಕಾಯುತ್ತಿರುವವರು ನಾಳೆ ಬೆಳಿಗ್ಗೆ ಒಂದು ಫರ್ಸಿಯನ್ನು ಒರೆಸಿ, ಟವೆಲ್ ಮಡಿಚಿ, ಮಲಗಿ ಮಾಡುವ ವ್ಯಾಯಾಮದಿಂದ ಶುರುಮಾಡಿ. ಮನೆಯ ಹಿರಿಯರು ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಿ.