ಕಾಟಿಯ ತೇಗು ಯಾರ ಲೆಕ್ಕಕ್ಕೆ?



ದನದ ತೇಗಿನಿಂದ ಭೂಮಿ ಬಿಸಿಯಾಗುತ್ತಿದೆ ಅಂದರೆ ನಗಬೇಡಿ, ಮಾತು ಸುಳ್ಳಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಮೀಥೇನ್ ಎಂಬ ಅನಿಲ ಹುಟ್ಟಿ, ಬಹುಪಾಲು ತೇಗಿನಲ್ಲೇ ಹೊರಬೀಳುತ್ತದೆ. ನಿಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಒಲೆಯಲ್ಲಿ ನೀಲಿಯಾಗಿ ಉರಿಯುವುದೂ ಅದೇ. ನೀರು ನಿಂತ ಗದ್ದೆಯಿಂದಲೂ ಏಳುತ್ತದೆ. ಹಾಗಾಗಿ ದೇಶದ ಅನಿಲದ ಲೆಕ್ಕದಲ್ಲಿ ನಮ್ಮ ಎಮ್ಮೆಯೂ ಇದೆ, ಭದ್ರಾ ನಾಲೆ ಕೆಳಗಿನ ನಮ್ಮ ಭತ್ತದ ಗದ್ದೆಯೂ ಇದೆ.

ಇಲ್ಲದ್ದು ಕಾಟಿ. ಅದೂ ಮೆಲುಕು ಹಾಕುತ್ತದೆ. ಹತ್ತಿರ ಹತ್ತಿರ ಒಂದು ಟನ್ ತೂಗುವ ಗಂಡು ಕಾಟಿ ಸಣ್ಣಗೆ ತೇಗೀತೇ? (ಆನೆ ಮೆಲುಕು ಹಾಕುವುದಿಲ್ಲ, ಅದರದು ಹಿಂಬಾಗಿಲ ವ್ಯವಹಾರ.) ಆದರೆ ಲೆಕ್ಕ ಬರೆಯುವುದು ಮನುಷ್ಯನಿಂದ ಆದದ್ದಕ್ಕೆ ಮಾತ್ರ. ಕಾಡುಪ್ರಾಣಿಯದು ಪ್ರಕೃತಿಯ ಖಾತೆ.

ಆಗಲಿ ಸ್ವಾಮಿ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು, ಕಾಡು ಉಳಿಯಿತು, ಸಂತೋಷವೇ. ಆದರೆ ರಾತ್ರಿ ನಮ್ಮ ಮೆಕ್ಕೆಜೋಳ ಮೇಯ್ದು, ಬೆಳಗ್ಗೆ ಕಾಡಿನ ನೆರಳಲ್ಲಿ ಮಲಗಿ ತೇಗುವ ಕಾಟಿಯ ತೇಗು ಯಾರದು? ಮೇವು ನಮ್ಮದು, ಬೀಜ ಗೊಬ್ಬರದ ಸಾಲ ಸೊಸೈಟಿ ಪುಸ್ತಕದಲ್ಲಿ ನಮ್ಮ ಹೆಸರಿಗೆ, ತೇಗು ಮಾತ್ರ ಪ್ರಕೃತಿಯದು!

ತೇಗು ಕಡಿಮೆ ಮಾಡಲು ಔಷಧವೂ ಇದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ಕೇಂದ್ರ ಸರ್ಕಾರದ ಪಶು ಪೋಷಣೆ ಸಂಸ್ಥೆಯವರು 'ಹರಿತ್ ಧಾರಾ' ಎಂಬುದನ್ನು ತಯಾರಿಸಿದ್ದಾರೆ. ಒಗರಿನ ಅಂಶವಿರುವ ಗಿಡಗಳಿಂದ ಮಾಡಿದ್ದು, ಮೇವಿನ ಜೊತೆ ಕೊಟ್ಟರೆ ದನದ ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆ ಎನ್ನುತ್ತಾರೆ. ಕೊಟ್ಟಿಗೆಯ ಹಸುವಿಗೆ ಸರಿ. ಕಾಟಿಗೆ ತಿನ್ನಿಸುವವರು ಯಾರು? ಗಾರ್ಡ್ ಸಾಹೇಬರು ಬಕೆಟ್ ಹಿಡಿದು ಲಕ್ಕವಳ್ಳಿ ಕಾಡಿನಲ್ಲಿ "ಬಾ ಬಸವಾ, ಬಾ" ಅಂತ ಕರೆಯಬೇಕೇನೋ!

ಆಸ್ಟ್ರೇಲಿಯಾದವರು ಇನ್ನೂ ಜಾಣರು. ಒಂದು ಒಂಟೆ ವರ್ಷಕ್ಕೆ 45 ಕಿಲೋ ಮೀಥೇನ್ ಬಿಡುತ್ತದೆ, ಕಾಡುಬಿದ್ದ ಒಂಟೆಗಳನ್ನು ಹೆಲಿಕಾಪ್ಟರಿನಿಂದ ಹೊಡೆದು ಹಾಕಿದರೆ ಅಷ್ಟಕ್ಕೆ ದುಡ್ಡು ಕೊಡಿ ಎಂಬ ಯೋಜನೆಯನ್ನು 2011ರಲ್ಲಿ ಮುಂದಿಟ್ಟರು. ನಮಗೆ ಕೋವಿ ಬೇಡ, ಕಾಟಿ ಬದುಕಲಿ. ಒಂಟೆಯ ಗಾಳಿಗೆ ರೇಟು ಕಟ್ಟಬಹುದಾದರೆ ಕಾಟಿ ತಿಂದ ಎರಡೆಕರೆ ಜೋಳಕ್ಕೆ ಸರಿಯಾದ ರೇಟು ಕಟ್ಟಲು ಏನು ಕಷ್ಟ?

ನನ್ನ ಅರ್ಜಿ ಒಂದು ಕಚೇರಿಯಲ್ಲಿ ಎರಡು ವರ್ಷದಿಂದ ಮೆಲುಕು ಹಾಕುತ್ತಿದೆ, ಇನ್ನೂ ತೇಗು ಬಂದಿಲ್ಲ. ನಿಮ್ಮದೂ ಹಾಗೇ ಕೂತಿದ್ದರೆ ಪಹಣಿ, ಬೆಳೆ ಹಾನಿಯ ಫೋಟೋ, ಅರ್ಜಿ ಕೊಟ್ಟ ತಾರೀಖಿನ ರಸೀದಿ ಹಿಡಿದು ಬನ್ನಿ. ಎಲ್ಲರೂ ಒಟ್ಟಿಗೇ ಹೋಗೋಣ.